ಹೊಸ ವರ್ಷದ ಆಣೆಗೆ ಒಂದು ಮಂಗಳವಾರ ಬೇಕು



ಡಿಸೆಂಬರ್ 31 ಬಂದರೆ ಹಾಸ್ಟೆಲ್‌ನಲ್ಲಿ ಎರಡು ಮಾತು ಕೇಳ್ತೀವಿ. ಒಂದು, "ಇವತ್ತೊಂದಿನ ಕುಡಿಯೋಣ ಮಗಾ." ಇನ್ನೊಂದು, "ನಾಳೆಯಿಂದ ಪೂರ್ತಿ ಬಿಟ್ಬಿಡ್ತೀನಿ." ಈ ಲೇಖನ ಎರಡನೇ ಮಾತಿನ ಬಗ್ಗೆ. ಬರೀತಿರೋ ನಾವು ಇಬ್ಬರು. ಒಬ್ಬರ ಊರು ನಂಜನಗೂಡು, ಇನ್ನೊಬ್ಬರದು ಟಿ. ನರಸೀಪುರ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ.

ಕಪಿಲೆ ನಂಜನಗೂಡು ದಾಟಿ ಬಂದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಮ್ಮ ಎರಡೂ ಮನೆಗಳ ಕಡೆ ಕುಡಿತ ಬಿಡಿಸೋಕೆ ಹಿರಿಯರು ಮೊದಲು ಮಾಡೋದು ಒಂದೇ ಕೆಲಸ. ಹೊಳೇಲಿ ಮುಳುಗಿಸಿ, ದೇವರ ಮುಂದೆ ನಿಲ್ಲಿಸಿ, ಆಣೆ ಹಾಕಿಸೋದು. ನಂಜನಗೂಡಲ್ಲಂತೂ ದೇವರೇ ವಿಷ ಕುಡಿದವನು, ನಂಜುಂಡ. ಆಣೆ ತಪ್ಪು ಅಂತ ನಾವು ಹೇಳ್ತಿಲ್ಲ. ಆಣೆ ಒಂದೇ ಸಾಕಾಗಲ್ಲ ಅನ್ನೋದನ್ನ ನಾವು ಕಲಿತದ್ದು ನಮ್ಮ ಮಾವನಿಂದ.

ಮಾವನ ಜನವರಿ 2

ಮಾವ ಇಪ್ಪತ್ತು ವರ್ಷದಿಂದ ದಿನಾ ಕುಡೀತಿದ್ದರು. ಹೋದ ವರ್ಷ ಜನವರಿ 1ಕ್ಕೆ ಹೊಳೇಲಿ ಸ್ನಾನ ಮಾಡಿ ಬಂದು ಅತ್ತೆಗೆ ಹೇಳಿದರು, "ಇನ್ ಮುಟ್ಟಾಕಿಲ್ಲ ಕಣಮ್ಮಿ." ಮನೆಯಲ್ಲಿ ಪಾಯಸ ಮಾಡಿದರು.

ಸಂಜೆಗೇ ಕೈ ನಡುಕ ಶುರುವಾಯ್ತು. ರಾತ್ರಿ ನಿದ್ದೆ ಇಲ್ಲ, ಮೈಯೆಲ್ಲ ಬೆವರು. 2ನೇ ತಾರೀಕು ಬೆಳಗ್ಗೆ ಮುಖ ತೊಳೀತಿದ್ದವರು ಬಚ್ಚಲಲ್ಲೇ ಬಿದ್ದು ಒದ್ದಾಡಿದರು. ಫಿಟ್ಸ್. ಯಾರೋ ಕೈಗೆ ಕಬ್ಬಿಣ ಕೊಟ್ಟರು, ಯಾರೋ ಗಾಳಿ ಸೋಕಿದೆ ಅಂದರು. ಕೊನೆಗೆ 108 ಬಂತು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಕುಡಿದದ್ದು ಯಾವಾಗ?" ಅತ್ತೆ ಹೆಮ್ಮೆಯಿಂದಲೇ ಹೇಳಿದರು, "ನಿನ್ನೆಯಿಂದ ಬುಟ್ಬುಟ್ಟವ್ರೆ ಸಾರ್."

"ಅದಕ್ಕೇ ಹೀಗಾಗಿದ್ದು" ಅಂದರು ಡಾಕ್ಟರ್.

ಬಿಟ್ಟರೆ ಫಿಟ್ಸ್ ಯಾಕೆ?

ನಮ್ಮ ಮೆದುಳಿನಲ್ಲಿ ಗಾಬಾ ಅನ್ನೋ ರಾಸಾಯನಿಕ ಬ್ರೇಕ್ ಇದ್ದ ಹಾಗೆ, ಗ್ಲುಟಮೇಟ್ ಆಕ್ಸಿಲರೇಟರ್ ಇದ್ದ ಹಾಗೆ. ಮದ್ಯ ಬ್ರೇಕನ್ನು ಒತ್ತುತ್ತೆ. ವರ್ಷಗಟ್ಟಲೆ ದಿನಾ ಬ್ರೇಕ್ ಒತ್ತಿದರೆ, ಗಾಡಿ ನಿಲ್ಲಬಾರದು ಅಂತ ಮೆದುಳು ಆಕ್ಸಿಲರೇಟರ್ ಜಾಸ್ತಿ ಮಾಡಿಕೊಳ್ಳುತ್ತೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಮದ್ಯ ನಿಲ್ಲಿಸಿದರೆ ಬ್ರೇಕ್ ಹೋಯ್ತು, ಆಕ್ಸಿಲರೇಟರ್ ಮಾತ್ರ ಉಳೀತು.

ಕೊನೇ ಸಲ ಕುಡಿದ 6 ಗಂಟೆಯ ನಂತರ ನಡುಕ, ಬೆವರು ಶುರುವಾಗಬಹುದು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ದಿನದಿಂದ ನಾಲ್ಕು ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತೆ, ಬಡಬಡಿಸ್ತಾರೆ, ಜ್ವರ ಬರುತ್ತೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಅಪರೂಪಕ್ಕೆ ಕುಡಿಯೋರಿಗೆ ಸಾಮಾನ್ಯವಾಗಿ ಹೀಗಾಗಲ್ಲ. ದಿನಾ ಜಾಸ್ತಿ ಕುಡಿಯೋರಿಗೆ ಅಪಾಯ. ಆಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆ ಕೊಟ್ಟು ಕೆಲವು ದಿನಗಳಲ್ಲಿ ನಿಧಾನಕ್ಕೆ ಡೋಸ್ ಇಳಿಸ್ತಾರೆ, ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1 ಕೊಡ್ತಾರೆ. ಇದು ಮನೇಲಿ ಮಾಡೋ ಕೆಲಸ ಅಲ್ಲ.

ಇನ್ನೊಂದು ವಿಷಯ. "ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಅನ್ನೋ ಜಾಹೀರಾತು ನೋಡಿರ್ತೀರಿ. ದಯವಿಟ್ಟು ಬೇಡ. ಡೈಸಲ್ಫಿರಾಮ್ ಅನ್ನೋ ಮಾತ್ರೆ ತಗೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ಅದನ್ನ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಡಾಕ್ಟರ್ ಕೊಡ್ತಾರೆ.

ಎಲ್ಲಿಗೆ ಹೋಗೋದು?

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ಏಮ್ಸ್ ನಡೆಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡಿರೋ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಆಣೆ ಮಾಡಿಲ್ಲ ಅಂತಲ್ಲ. ಎಲ್ಲಿಗೆ ಹೋಗಬೇಕು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ನಮಗೂ ಗೊತ್ತಿರಲಿಲ್ಲ.

ಕರ್ನಾಟಕದಲ್ಲಿ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ. ಅದರಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡ್ತಾರೆ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕು ಕೇಂದ್ರಗಳೇ. ಹೋಗೋ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಆ ವಾರ ಬರ್ತಾರಾ ಕೇಳಿಕೊಳ್ಳಿ. ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೇ ಅಂತ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆ ಪ್ರತ್ಯೇಕ ವಿಭಾಗ ಇದೆ. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ನಡೆಯುತ್ತೆ. ಶಿಬಿರ ಮುಗಿದ ಮೇಲೂ ಜೊತೆಗಿರೋಕೆ ನವಜೀವನ ಸಮಿತಿ ಮಾಡ್ತಾರೆ. ದಿನಾ ಕುಡಿಯೋರು ಯಾವ ಶಿಬಿರಕ್ಕೆ ಸೇರೋ ಮುಂಚೆಯೂ ಡಾಕ್ಟರಿಗೆ ತೋರಿಸೋದು ಒಳ್ಳೇದು.

ಹೇಳಿಕೊಂಡರೆ ಕೇಸ್ ಆಗುತ್ತಾ?

ಕ್ಯಾಂಪಸ್‌ನಲ್ಲಿ ಗಾಂಜಾ ವಿಷಯ ಬಂದಾಗ ಎಲ್ಲರ ಭಯ ಇದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಮದ್ಯ ಮತ್ತು ಮಾದಕ ವಸ್ತುವಿನಿಂದ ಬರೋ ಮಾನಸಿಕ ತೊಂದರೆಯೂ ಕಾಯಿಲೆಯೇ. ರೋಗಿಯ ಮಾಹಿತಿ ಗುಟ್ಟಾಗಿ ಇರಬೇಕು ಅನ್ನೋದು ಅದರಲ್ಲಿರೋ ಹಕ್ಕು. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಕೂಡ ಇದೆ. ಸಣ್ಣ ಪ್ರಮಾಣದ ಕೇಸ್‌ನಲ್ಲಿ ಸಿಕ್ಕಿಕೊಂಡ ವ್ಯಸನಿ ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಇರೋ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಅವನಿಗೆ ವಿನಾಯಿತಿ ಕೊಡುತ್ತೆ. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು.

ನಾಲ್ಕು ಪ್ರಶ್ನೆ

ಡಾಕ್ಟರ್‌ಗಳು ಬಳಸೋ ಕೇಜ್ ಅನ್ನೋ ಪರೀಕ್ಷೆಯಲ್ಲಿ ನಾಲ್ಕೇ ಪ್ರಶ್ನೆ. ನಮ್ಮ ಮಾತಲ್ಲಿ ಹೇಳೋದಾದರೆ: ಕುಡಿಯೋದು ಕಮ್ಮಿ ಮಾಡಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಯಾರಾದರೂ ಅದರ ಬಗ್ಗೆ ಮಾತಾಡಿದರೆ ಸಿಟ್ಟು ಬಂದಿದೆಯಾ? ತಪ್ಪು ಮಾಡ್ತಿದೀನಿ ಅಂತ ಒಳಗೊಳಗೇ ಕೊರೆದಿದೆಯಾ? ಬೆಳಗ್ಗೆ ಎದ್ದ ಕೂಡಲೇ ಸುಧಾರಿಸಿಕೊಳ್ಳೋಕೆ ಕುಡಿದಿದ್ದೀರಾ? ಎರಡು ಅಥವಾ ಹೆಚ್ಚು 'ಹೌದು' ಬಂದರೆ ಡಾಕ್ಟರ್ ಹತ್ತಿರ ಮಾತಾಡಬೇಕು.

ಮಾವ ಆಸ್ಪತ್ರೆಯಿಂದ ಬಂದ ಮೇಲೆ ಗೌರಿ ಹಬ್ಬದವರೆಗೂ ಮುಟ್ಟಲಿಲ್ಲ. ಹಬ್ಬದ ದಿನ ಕುಡಿದರು. ಮೊದಲಾಗಿದ್ದರೆ "ಆಣೆ ಮುರೀತು, ಇನ್ನೇನು" ಅಂತ ಹಾಗೇ ಮುಂದುವರೀತಿದ್ದರು. ಈ ಸಲ ಮುಂದಿನ ಮಂಗಳವಾರ ಅತ್ತೆ ಜೊತೆ ಮತ್ತೆ ಬಸ್ ಹತ್ತಿದರು. ಬ್ಯಾಕ್‌ಲಾಗ್ ಬಂತು ಅಂತ ನಾವು ಕಾಲೇಜ್ ಬಿಡಲ್ಲ, ಪೇಪರ್ ಮತ್ತೆ ಬರೀತೀವಿ, ಅಲ್ವಾ?

ಹಾಗಾಗಿ ಗೆಳೆಯರೇ, ಈ ಹೊಸ ವರ್ಷಕ್ಕೆ "ಬಿಟ್ಬಿಡ್ತೀನಿ" ಅನ್ನೋ ಬದಲು "ತೋರಿಸ್ತೀನಿ" ಅನ್ನಿ. ಯಾವ ದಿನ, ಯಾವ ಆಸ್ಪತ್ರೆ, ಜೊತೆಗೆ ಯಾರು, ಮೂರನ್ನೂ ಬರೆದಿಡಿ.

ಈ ಲೇಖನಕ್ಕೆ ಓದುವಾಗ ನಾವಿಬ್ಬರೂ ಆ ನಾಲ್ಕು ಪ್ರಶ್ನೆಗೆ ಉತ್ತರ ಬರೆದೆವು. ಒಬ್ಬರಿಗೆ ಎರಡು 'ಹೌದು' ಬಂತು. ಯಾರಿಗೆ ಅಂತ ಇಲ್ಲಿ ಹೇಳಲ್ಲ. ಜನವರಿಯ ಮೊದಲ ಮಂಗಳವಾರ ಇಬ್ಬರೂ ಹೋಗ್ತಿದೀವಿ. ಅಟೆಂಡೆನ್ಸ್ ಒಂದು ದಿನ ಹೋದರೆ ಹೋಗಲಿ.