ಅಡಿಗೆಮನೆಯ ದ್ರವಗಳು

ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪನ್ನು ಹಾಕಿ ಕದಡಿದರೆ ಉಪ್ಪು ಕಣ್ಮರೆಯಾಗುತ್ತದೆ. ಆದರೆ ಅದು ನಾಶವಾಗಿಲ್ಲವೆಂಬುದಕ್ಕೆ ನಾಲಗೆಯೇ ಸಾಕ್ಷಿ. ಲೋಟದ ಮೇಲ್ಭಾಗದ ನೀರಾಗಲಿ ತಳದ ನೀರಾಗಲಿ, ರುಚಿ ಒಂದೇ. ಹೀಗೆ ಎಲ್ಲ ಭಾಗಗಳಲ್ಲಿಯೂ ಒಂದೇ ಸಂಯೋಜನೆಯುಳ್ಳ ಮಿಶ್ರಣವನ್ನು ಏಕರೂಪ ಮಿಶ್ರಣವೆನ್ನುವರು. ಸಕ್ಕರೆಯ ಪಾಕ, ವಿನೆಗರ್ ಈ ವರ್ಗಕ್ಕೆ ಸೇರಿದವು. ಇದಕ್ಕೂ ಒಂದು ಮಿತಿಯುಂಟು. ಸಾಮಾನ್ಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ಹೆಚ್ಚಾದುದು ತಳದಲ್ಲಿ ಉಳಿಯುತ್ತದೆ. ಆಗ ಪಾತ್ರೆಯಲ್ಲಿರುವುದು ಭಿನ್ನರೂಪ ಮಿಶ್ರಣ.

ಭಿನ್ನರೂಪ ಮಿಶ್ರಣಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಒಲೆಯಿಂದಿಳಿಸಿದ ಬೇಳೆಯ ಸಾರನ್ನು ಕಲಕದೆ ಬಿಟ್ಟರೆ ಬೇಳೆ ತಳಕ್ಕಿಳಿಯುತ್ತದೆ, ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತದೆ, ನಡುವೆ ತಿಳಿ ನಿಲ್ಲುತ್ತದೆ. ಬಡಿಸುವವರು ಸೌಟಿನಿಂದ ಒಮ್ಮೆ ಕಲಕಿಯೇ ಬಡಿಸುವುದು ಇದಕ್ಕಾಗಿ. ಮಜ್ಜಿಗೆಯೂ ಹಾಗೆಯೇ.

ಹಾಲಿನ ವಿಷಯದಲ್ಲಿ ಮಾತ್ರ ಕಣ್ಣು ಮೋಸಹೋಗುತ್ತದೆ. ನೋಡುವುದಕ್ಕೆ ಅದು ಎಲ್ಲೆಡೆಯೂ ಒಂದೇ ಬಿಳುಪು. ಹಸುವಿನ ಹಾಲಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರೇ. ಹಾಲಿನ ಸಕ್ಕರೆಯು ಅದರಲ್ಲಿ ಸಂಪೂರ್ಣವಾಗಿ ಕರಗಿರುತ್ತದೆ. ಆದರೆ ಕೊಬ್ಬು ಕರಗಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಪುಟ್ಟ ಗೋಳಗಳಾಗಿ ತೇಲುತ್ತಿರುವುದು ಕಾಣುತ್ತದೆ. ಅವುಗಳಲ್ಲಿ ಬಹುಪಾಲು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕವು. ನೀರಿಗಿಂತ ಹಗುರವಾದ ಈ ಗೋಳಗಳು ಮೆಲ್ಲನೆ ಮೇಲೇರಿ ಕೆನೆಯಾಗುತ್ತವೆ. ಆದ್ದರಿಂದ ಹಾಲು ಭಿನ್ನರೂಪ ಮಿಶ್ರಣವೇ ಸರಿ. 1899ರಲ್ಲಿ ಫ್ರಾನ್ಸಿನ ಆಗಸ್ಟ್ ಗೋಲಾಂ ಎಂಬಾತನು ಹಾಲನ್ನು ಅಧಿಕ ಒತ್ತಡದಿಂದ ಕಿರಿದಾದ ರಂಧ್ರಗಳಲ್ಲಿ ನುಗ್ಗಿಸಿ ಗೋಳಗಳನ್ನು ಒಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಇಂತಹ ಹಾಲಿನಲ್ಲಿ ಕೆನೆ ಬೇರ್ಪಡುವುದು ಕಷ್ಟ. ಪೊಟ್ಟಣದ ಮೇಲೆ 'ಹೋಮೋಜಿನೈಸ್ಡ್' ಎಂದು, ಅಂದರೆ ಏಕರೂಪಗೊಳಿಸಿದ್ದು ಎಂದು, ಮುದ್ರಿಸಿರುತ್ತಾರೆ. ವರ್ತಕನ ಭಾಷೆಗೆ ಅದು ಸಾಕು, ರಸಾಯನಶಾಸ್ತ್ರಜ್ಞನು ಒಪ್ಪುವುದಿಲ್ಲ. ಗೋಳಗಳು ಇನ್ನೂ ಚಿಕ್ಕವಾದುವೇ ಹೊರತು ಕರಗಲಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಕತ್ತಲೆಯ ಕೋಣೆಯಲ್ಲಿ ಎರಡು ಗಾಜಿನ ಲೋಟಗಳನ್ನಿಡಿ. ಒಂದರಲ್ಲಿ ಶೋಧಿಸಿದ ತಿಳಿಯಾದ ಉಪ್ಪುನೀರು, ಇನ್ನೊಂದರಲ್ಲಿ ಎರಡು ಹನಿ ಹಾಲು ಬೆರೆಸಿದ ನೀರು ಇರಲಿ. ಪಕ್ಕದಿಂದ ಟಾರ್ಚಿನ ಬೆಳಕನ್ನು ಹಾಯಿಸಿದರೆ ಉಪ್ಪುನೀರಿನಲ್ಲಿ ಬೆಳಕಿನ ಹಾದಿ ಕಾಣುವುದಿಲ್ಲ. ಹಾಲುನೀರಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ತೇಲುವ ಕಣಗಳು ಬೆಳಕನ್ನು ಚದರಿಸುವುದೇ ಇದಕ್ಕೆ ಕಾರಣ. ಇದನ್ನು ಟಿಂಡಾಲ್ ಪರಿಣಾಮವೆನ್ನುವರು.

ಒಂದೇ ವಸ್ತುವು ಉಷ್ಣತೆಗನುಸಾರವಾಗಿ ವರ್ಗ ಬದಲಾಯಿಸುವುದೂ ಉಂಟು. ಕಾಯಿಸಿದ ತುಪ್ಪ ತಿಳಿಯಾದ ಏಕರೂಪ ದ್ರವ. ಆರಿದಂತೆ ಅದರಲ್ಲಿನ ಕೆಲವು ಕೊಬ್ಬುಗಳು ಮೊದಲು ಗಟ್ಟಿಯಾಗಿ, ಉಳಿದವು ದ್ರವವಾಗಿಯೇ ಇರುವುದರಿಂದ ತುಪ್ಪ ಮರಳುಮರಳಾಗುತ್ತದೆ.

ಈ ವಿಂಗಡಣೆ ಪರೀಕ್ಷೆಗಾಗಿ ಮಾತ್ರವಲ್ಲ. 1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರವ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಕರಗಿಸಿ ಪೀಪಾಯಿಗಳಲ್ಲಿ ತುಂಬಿಸಿ ಕುಡಿಯಲು ಕೊಡಿಸಿದರು. ಸಹಸ್ರಾರು ಜೀವಗಳು ಉಳಿದುವು. ಏಕರೂಪ ದ್ರಾವಣವಾದುದರಿಂದ ಪೀಪಾಯಿಯ ಮೊದಲ ಲೋಟಕ್ಕೂ ಕೊನೆಯ ಲೋಟಕ್ಕೂ ವ್ಯತ್ಯಾಸವಿರಲಿಲ್ಲ.

ಮಕ್ಕಳಿಗೆ ಕೊಡುವ ಕೆಲವು ದ್ರವ ಔಷಧಿಗಳು ಹಾಗಲ್ಲ. ಅವುಗಳಲ್ಲಿ ಮದ್ದಿನ ಪುಡಿ ಕರಗದೆ ತೇಲಾಡುತ್ತಿದ್ದು, ಇಟ್ಟಲ್ಲಿಯೇ ತಳಕ್ಕಿಳಿಯುತ್ತದೆ. ಸೀಸೆಯನ್ನು ಅಲುಗಾಡಿಸದೆ ಬಗ್ಗಿಸಿದರೆ ಮೊದಲ ದಿನಗಳ ಚಮಚದಲ್ಲಿ ಮದ್ದು ಕಡಿಮೆ, ಕೊನೆಯ ದಿನಗಳ ಚಮಚದಲ್ಲಿ ಅಳತೆಮೀರಿದ ಮದ್ದು. 'ಉಪಯೋಗಿಸುವ ಮೊದಲು ಚೆನ್ನಾಗಿ ಅಲುಗಾಡಿಸಿ' ಎಂಬ ಸೂಚನೆಯನ್ನು ಸೀಸೆಯ ಮೇಲೆ ಅಂಟಿಸಿರುವುದು ಈ ಕಾರಣದಿಂದಲೇ.