ತವುಡು ಮತ್ತು ತತ್ತಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ರಾಯಚೂರು ಜಿಲ್ಲೆಯ ಸಿಂಧನೂರು ಭಾಗವು ಭತ್ತದ ಬೀಡಾಯಿತು. ಅಲ್ಲಿನ ಗಿರಣಿಗಳಲ್ಲಿ ಅಕ್ಕಿಯೊಡನೆ ನುಚ್ಚು, ತವುಡುಗಳೂ ರಾಶಿಯಾಗಿ ಬೀಳುತ್ತವೆ. ನೆರೆಯ ಲಿಂಗಸುಗೂರು, ಮಸ್ಕಿಗಳ ಒಣಭೂಮಿಯಲ್ಲಿ ಜೋಳ, ಸಜ್ಜೆ, ತೊಗರಿ, ಸೂರ್ಯಕಾಂತಿಗಳು ಬೆಳೆಯುತ್ತವೆ. ಕಾಳೂ ಎಣ್ಣೆಯೂ ಮನುಷ್ಯನ ಪಾಲಾದರೆ, ತವುಡು, ಹಿಂಡಿಗಳು ಪಶುಪಕ್ಷಿಗಳ ಪಾಲಾಗುತ್ತವೆ.

ಕೋಳಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಹಾರಕ್ಕೇ ತಗಲುತ್ತದೆ. ಆದುದರಿಂದ ಅಗ್ಗದ ತವುಡನ್ನೇ ಹೆಚ್ಚಾಗಿ ಹಾಕಿದರೆ ಲಾಭವಲ್ಲವೆ ಎಂದು ರೈತನಿಗೆ ತೋರುವುದು ಸಹಜ. ಇದಕ್ಕೆ ಉತ್ತರವನ್ನು ಕೋಳಿಯ ಹೊಟ್ಟೆಯಲ್ಲಿಯೇ ಹುಡುಕಬೇಕು.

ಕೋಳಿಗೆ ಹಲ್ಲುಗಳಿಲ್ಲ. ನುಂಗಿದ ಕಾಳು ಗಂಟಲಿನ ಚೀಲದಲ್ಲಿ ನೆನೆದು, ಮುಂದೆ ಗಟ್ಟಿ ಸ್ನಾಯುಗಳುಳ್ಳ ಜಠರದಲ್ಲಿ ಸಣ್ಣ ಹರಳುಗಳ ನಡುವೆ ಅರೆಯಲ್ಪಡುತ್ತದೆ. ದನದ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನೂ ಒಡೆಯಬಲ್ಲವು. ಕೋಳಿಗೆ ಆ ಅನುಕೂಲ ಬಹಳ ಕಡಿಮೆ. ತತ್ತಿಯಿಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರವನ್ನಷ್ಟೇ ತಿನ್ನುತ್ತದೆ. ಅದರಲ್ಲಿ ನಾರೇ ಹೆಚ್ಚಾದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಾಲದು. ತತ್ತಿಗಳ ಸಂಖ್ಯೆ ಇಳಿಯುತ್ತದೆ.

ಹಾಗೆಂದು ನಾರು ನಿರುಪಯುಕ್ತವಲ್ಲ. ಅದರಲ್ಲಿ ಎರಡು ಬಗೆ. ನೀರಿನಲ್ಲಿ ಕರಗದ ಒರಟು ನಾರು ಹಿತಮಿತವಾಗಿದ್ದರೆ ಜಠರವನ್ನು ಬಲಪಡಿಸುತ್ತದೆ. ಕೋಳಿಗಳು ಒಂದರ ಗರಿಯನ್ನೊಂದು ಕುಕ್ಕುವ ಚಾಳಿಯನ್ನೂ ತಗ್ಗಿಸುತ್ತದೆ. ಕರಗುವ ನಾರು ಮಾತ್ರ ಕರುಳಿನಲ್ಲಿ ಅಂಟಾಗಿ, ಪಚನಕ್ಕೆ ಅಡ್ಡಿ ಮಾಡುತ್ತದೆ. ಅಂಥ ನಾರಿನ ಉದ್ದ ಸರಪಳಿಗಳನ್ನು ಕ್ಸೈಲನೇಸ್ ಮೊದಲಾದ ಕಿಣ್ವಗಳು ತುಂಡರಿಸುತ್ತವೆ.

ತವುಡಿನಲ್ಲಿ ಇನ್ನೊಂದು ತೊಡಕುಂಟು. ಅದರಲ್ಲಿ ರಂಜಕ ಹೇರಳವಾಗಿದೆ; ಆದರೆ ಬಹುಭಾಗ ಫೈಟಿಕ್ ಆಮ್ಲದಲ್ಲಿ ಬಂಧಿತವಾಗಿದೆ. ಒಂದು ತತ್ತಿಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ರಾತ್ರಿಯ ವೇಳೆ ಅದರ ಒಂದು ಪಾಲನ್ನು ಕೋಳಿ ತನ್ನ ಮೂಳೆಗಳಿಂದ ತೆಗೆದುಕೊಡುತ್ತದೆ. ಆ ಮೂಳೆ ಮತ್ತೆ ತುಂಬಿಕೊಳ್ಳಲು ಕ್ಯಾಲ್ಸಿಯಂ, ರಂಜಕಗಳೆರಡೂ ಅಗತ್ಯ. ರಂಜಕ ದೊರೆಯದಿದ್ದರೆ ತಾಯಿಕೋಳಿಯ ಮೂಳೆಯೇ ಸವೆಯುತ್ತದೆ. ಬಂಧಿತ ರಂಜಕವನ್ನು ಬಿಡಿಸುವ ಕಿಣ್ವವೇ ಫೈಟೇಸ್. ಶಿಲೀಂಧ್ರ, ಬ್ಯಾಕ್ಟೀರಿಯಗಳಿಂದ ತಯಾರಿಸುವ ಈ ಕಿಣ್ವ 1991ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದಿತು. ಇದನ್ನು ಬಳಸಿ ಆಹಾರಕ್ಕೆ ಹೊರಗಿನಿಂದ ಬೆರೆಸುವ ರಂಜಕವನ್ನು ತಗ್ಗಿಸಿದಾಗ, ಹಿಕ್ಕೆಯೊಡನೆ ಹೊರಹೋಗುವ ರಂಜಕವೂ ತಗ್ಗಿ, ಕೆರೆ ಕಾಲುವೆಗಳ ನೀರು ಕೆಡುವುದು ಕಡಿಮೆಯಾಗುತ್ತದೆ.

ಕಿಣ್ವವು ಒಂದು ಬಗೆಯ ಸಸಾರಜನಕ. ಕುದಿಸಿದರೆ ಅದರ ಶಕ್ತಿ ನಾಶವಾಗುತ್ತದೆ. ಹಸಿ ತವುಡಿನಲ್ಲಿರುವ ಎಣ್ಣೆಯೂ ಬೇಗನೆ ಕಮಟುತ್ತದೆ. ಆದುದರಿಂದ ತಾಜಾ ತವುಡು ಬೇಕು, ಅದೂ ಮಿತವಾಗಿ. ಜೊತೆಗೆ ಜೋಳದಂಥ ಕಾಳು, ಹಿಂಡಿ, ಸುಣ್ಣಕಲ್ಲಿನ ಪುಡಿ ಸೇರಬೇಕು.

ಕಿಣ್ವವು ಬಾಗಿಲಿನ ಬೀಗವನ್ನು ತೆರೆಯಬಲ್ಲದು. ಕಣಜ ಬರಿದಾಗಿದ್ದರೆ ತುಂಬಲಾರದು. ಕಾಲುವೆಯ ನಾಡಿನ ತವುಡೂ ಒಣನಾಡಿನ ಜೋಳವೂ ಹದವರಿತು ಕೂಡಿದಾಗ ಕೋಳಿಗೆ ಆರೋಗ್ಯ, ರೈತನಿಗೆ ಆದಾಯ ಎರಡೂ ದೊರೆಯುತ್ತವೆ.