ಸಕ್ಕರೆ ಕಾಯಿಲೆಯ ನಾಯಿಗೆ ಎಂಥ ತಿಂಡಿ?

ತೋಟದ ಮನೆ ಕಾಯುವ ನಾಯಿಗೂ ಸಕ್ಕರೆ ಕಾಯಿಲೆ ಬರುವುದುಂಟು. ನಡುವಯಸ್ಸು ದಾಟಿದ ನಾಯಿ ಪದೇ ಪದೇ ನೀರು ಕುಡಿದು ಹೆಚ್ಚಾಗಿ ಮೂತ್ರ ಮಾಡುತ್ತಿದ್ದರೆ, ಹೊಟ್ಟೆ ತುಂಬ ತಿಂದರೂ ಬಡಕಲಾಗುತ್ತಿದ್ದರೆ, ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸಬೇಕು. ಉಪೇಕ್ಷಿಸಿದರೆ ಕಣ್ಣಿಗೆ ಪೊರೆ ಬಂದು ಕುರುಡಾಗಬಹುದು, ಸಾಯಲೂಬಹುದು.

ನಾಯಿಗಳಲ್ಲಿ ಈ ಕಾಯಿಲೆಗೆ ಸಾಮಾನ್ಯವಾಗಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪತ್ತಿ ಕುಗ್ಗುವುದೇ ಕಾರಣ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಈ ಗ್ರಂಥಿಯ ಸತ್ವದಿಂದ ರಕ್ತದ ಸಕ್ಕರೆ ಇಳಿಯುವುದನ್ನು ತೋರಿಸಿದ್ದು ನಾಯಿಗಳಲ್ಲಿಯೇ. ಇಂದು ರೋಗಿ ನಾಯಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಊಟದ ಹೊತ್ತಿಗೆ, ಇನ್ಸುಲಿನ್ ಚುಚ್ಚುಮದ್ದು ಕೊಡಲಾಗುತ್ತದೆ. ನಾಯಿ ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ತಿನ್ನುತ್ತದೆಂಬ ಲೆಕ್ಕದ ಮೇಲೆ ಪಶುವೈದ್ಯರು ಮದ್ದಿನ ಪ್ರಮಾಣ ಗೊತ್ತುಮಾಡುತ್ತಾರೆ. ಮನೆಮಂದಿಯೆಲ್ಲ ಅಕ್ಕರೆಯಿಂದ ಹಾಕುವ ಒಂದೊಂದು ತುತ್ತು ಈ ಲೆಕ್ಕವನ್ನು ಕೆಡಿಸುತ್ತದೆ.

ಊಟದ ಹೊರತಾಗಿ ಕೊಡುವ ತಿಂಡಿ ದಿನದ ಕ್ಯಾಲೊರಿಯ ಶೇ. 10ನ್ನು ಮೀರಬಾರದು. 15 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬೇಕೆಂದಿಟ್ಟುಕೊಂಡರೆ ತಿಂಡಿಯ ಪಾಲು 80. ನಾಲ್ಕು ಗ್ಲೂಕೋಸ್ ಬಿಸ್ಕತ್ತುಗಳಿಗೇ ಅದು ಮುಗಿಯುತ್ತದೆ; ಅದೂ ಬಹುಪಾಲು ಮೈದಾ ಮತ್ತು ಸಕ್ಕರೆ. 100 ಗ್ರಾಂ ಸೌತೆಕಾಯಿಯಲ್ಲಾದರೋ ಇರುವುದು ಸುಮಾರು 15 ಕ್ಯಾಲೊರಿ. ಸೌತೆಕಾಯಿ ಹೋಳು, ಉಪ್ಪು ಒಗ್ಗರಣೆಗಳಿಲ್ಲದೆ ಬೇಯಿಸಿದ ಬೀನ್ಸ್, ಬೆಂದ ಮೊಟ್ಟೆಯ ಬಿಳಿಭಾಗ, ಚರ್ಮ, ಕೊಬ್ಬು, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸದ ಚೂರು ಇವು ತಕ್ಕ ತಿಂಡಿಗಳು. ಕೊಬ್ಬಿನಿಂದ ಮೇದೋಜೀರಕದ ಉರಿಯೂತ ಕೆರಳುವ ಭಯವಿದೆ.

ಬೆಲ್ಲ, ಹೋಳಿಗೆ, ಬಾಳೆಹಣ್ಣು, ಮಾವು, ಹಲಸು ಕೂಡದು. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಆಗಾಗ ಮುದ್ದೆಯ ತುಣುಕು ಹಾಕುವವರುಂಟು. ರಾಗಿಯಲ್ಲಿ ನಾರು ಇರುವುದು ನಿಜ. ಆದರೆ ಕಾಳಿನ ತೂಕದ ಶೇ. 70ರಷ್ಟು ಶರ್ಕರಪಿಷ್ಟವೇ. ಮುದ್ದೆಯನ್ನು ಪೂರ್ತಿ ಬಿಡಿಸಬೇಕಾಗಿಲ್ಲ. ವೈದ್ಯರು ಒಪ್ಪಿದರೆ ತೂಕ ಮಾಡಿ ಎರಡು ಹೊತ್ತಿನ ಊಟದಲ್ಲೇ ಸೇರಿಸಬೇಕು.

ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಇವು ಯಾವ ನಾಯಿಗೂ ಸಲ್ಲವು. ಸಕ್ಕರೆರಹಿತ ಎಂದು ಮಾರುವ ಮಿಠಾಯಿಯನ್ನಂತೂ ಮುಟ್ಟಿಸಕೂಡದು. ಅದರಲ್ಲಿ ಜೈಲಿಟಾಲ್ ಎಂಬ ಸಿಹಿವಸ್ತು ಇದ್ದರೆ ನಾಯಿಯ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು, ಯಕೃತ್ತು ಕೆಡಬಹುದು.

ಬೆಲ್ಲಕ್ಕೂ ಒಂದು ಸಮಯವಿದೆ. ಚುಚ್ಚುಮದ್ದಿನ ನಂತರ ನಾಯಿ ನಡುಗಿದರೆ, ತೂರಾಡಿದರೆ, ಮಂಕಾಗಿ ಬಿದ್ದರೆ ಸಕ್ಕರೆ ಅತಿಯಾಗಿ ಇಳಿದಿರಬಹುದು. ಆಗ ಗಟ್ಟಿಯಾದ ಬೆಲ್ಲದ ನೀರನ್ನೋ ಜೇನನ್ನೋ ಒಸಡಿಗೆ ಸವರಿ, ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆ ಇಲ್ಲದಾಗ ಬಾಯಿಗೆ ಸುರಿಯಬಾರದು, ಶ್ವಾಸಕೋಶಕ್ಕೆ ಇಳಿದೀತು. ನಾಯಿ ಊಟ ಬಿಟ್ಟ ದಿನ ವೈದ್ಯರನ್ನು ಕೇಳದೆ ಎಂದಿನ ಪ್ರಮಾಣದ ಮದ್ದು ಚುಚ್ಚಬಾರದು.